ಮಾವ ಕಟ್ಟಿದ ಕಾಲು

ಹೈದರಾಬಾದು
೧೬ ನವೆಂಬರ್ ೧೯೪೭

ಕಾಶಿಬಾಯಿಗೆ ಶಿವರಾಯನ ಆಶೀರ್ವಾದ. ಇಲ್ಲಿ ನಾನು ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆ.

ದೀಪಾವಳಿಗೆ ಭೂಸನೂರಿಗೆ ಬರುತ್ತೇನೆಂದು ಮಾತು ಕೊಟ್ಟು ತಪ್ಪಿದೆ. ಅತ್ತೆ ದಾರಿ ನೋಡಿರಬೇಕು, ನೀನು ಮುಖ ಊದಿಸಿಕೊಂಡಿರಬೇಕು. ಏನು ಮಾಡಲಿ, ಗಿರಣಿಯ ತಂಡದಲ್ಲಿ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವವನಿಗೆ ಹಬ್ಬ ಹುಣ್ಣಿಮೆ ಎಂಬುದಿಲ್ಲ. ಆಡುವವರೆಗೆ ಗಿರಣಿಯಲ್ಲಿ ಹಾಜರಿ, ಆಟ ನಿಂತ ದಿನ ಹಾಜರಿಯೂ ನಿಂತೀತು. ಕಳೆದ ಪಂದ್ಯದಲ್ಲಿ ಎಡ ಅಂಚಿನಿಂದ ನಾನು ಓಡಿಸಿಕೊಂಡು ಹೋಗಿ ಕೊಟ್ಟ ಚೆಂಡಿನಿಂದಲೇ ನಮ್ಮ ಗೋಲುಗಳಾದವು. ಎದುರಾಳಿಗಳೆಲ್ಲ ಬೂಟು ಹಾಕಿದವರು. ನಾನು ಎಂದಿನಂತೆ ಬರಿಗಾಲು, ಹಿಮ್ಮಡಿಗೆ ಅರಿವೆಯ ಪಟ್ಟಿ.

ಅದೇ ಪಂದ್ಯದಲ್ಲಿ ಎಡ ಮೊಣಕಾಲಿಗೆ ಸ್ವಲ್ಪ ಏಟು ಬಿತ್ತು. ದೊಡ್ಡದೇನಲ್ಲ. ಬೂಟಿನವನೊಬ್ಬ ಬೇಕೆಂದೇ ಒದ್ದ. ಇಲ್ಲಿಯ ದವಾಖಾನೆಯವರು ಸುಣ್ಣದ ಪಟ್ಟಿ ಹಾಕುತ್ತೇವೆ ಎಂದರು, ನಾನು ಬೇಡವೆಂದೆ. ನನ್ನ ಎಲುಬು ಗೊತ್ತಿರುವುದು ಅದನ್ನು ಕಟ್ಟುತ್ತ ಬಂದ ಮಾವನ ಕೈಗೆ. ನೆಲೋಗಿಗೆ ಅಣ್ಣನ ಮನೆಗೆ ಹೋಗುತ್ತಿದ್ದೇನೆ, ಅವರನ್ನು ಅಲ್ಲಿಗೆ ಕಳಿಸು. ಹೆರಿಗೆಗೆ ಹೋದ ಹೆಂಡತಿಯ ತವರಿನಲ್ಲಿ ಕಾಲು ಚಾಚಿ ಮಲಗಿದ ಅಳಿಯ ಎನಿಸಿಕೊಳ್ಳಲು ನನಗಿಷ್ಟವಿಲ್ಲ.

ಶಿವರಾಯ

ಭೂಸನೂರ
೨೪ ನವೆಂಬರ್ ೧೯೪೭

ಯಜಮಾನರಿಗೆ ಕಾಶಿಬಾಯಿಯ ನಮಸ್ಕಾರ.

ನಿಮ್ಮ ಪತ್ರ ಬಂತು. ಲಕೋಟೆಯ ಅಂಟು ಒಮ್ಮೆ ಬಿಚ್ಚಿ ಮತ್ತೆ ಹಚ್ಚಿದಂತಿತ್ತು. ಈಗ ಎಲ್ಲರ ಟಪಾಲೂ ಹಾಗೇ ಬರುತ್ತಿದೆಯಂತೆ. ಓದುವವರು ಓದಲಿ, ನನ್ನ ಗಂಡನ ಮೊಣಕಾಲಿನ ಸುದ್ದಿಯಿಂದ ಯಾರಿಗೇನು ಲಾಭ.

"ದೊಡ್ಡದೇನಲ್ಲ" ಎಂಬ ನಿಮ್ಮ ಮಾತು ನನಗೆ ಹೊಸದಲ್ಲ. ಹಿಮ್ಮಡಿ ಹೊರಳಿದಾಗ ಹಾಗೇ ಬರೆದು, ಮುಂದೆ ದಸರೆ ಕಳೆಯುವವರೆಗೆ ಕೋಲು ಊರಿದಿರಿ. ಹೆಗಲು ಕಳಚಿದಾಗಲೂ ಅದೇ ಮಾತು. ಅಂಗಿ ತೊಡಿಸುವವಳು ನಾನಾಗಿದ್ದೆ. ಇನ್ನೊಂದು ಮಾತು. ನಿಮಗೆ ಇಷ್ಟು ವರ್ಷದಲ್ಲಿ ಯಾವ ಏಟೂ ತಾನಾಗಿ ಬಿದ್ದದ್ದಿಲ್ಲ, ಎಲ್ಲವೂ ಬೇಕೆಂದೇ ಬಿದ್ದವು. ಸಣ್ಣವರಿದ್ದಾಗ ನಮ್ಮ ಟಗರು ಗುದ್ದಿದ್ದಕ್ಕೂ ನಾನೇ ಛೂ ಬಿಟ್ಟೆನೆಂದು ನಮ್ಮಪ್ಪನ ಮುಂದೆ ಚಾಡಿ ಹೇಳಿದವರಲ್ಲವೇ ನೀವು.

ನಿಮ್ಮ ತಂಡದ ಗೋಲ್‌ಕೀಪರ್ ಲಾಡ್ಲೆಸಾಬ ಆಳಂದಕ್ಕೆ ತಾಯಿಯನ್ನು ನೋಡಲು ಬಂದವನು ನಮ್ಮ ಮನೆಗೂ ಬಂದಿದ್ದ. ಅಪ್ಪ ಕಟ್ಟಿದ ಬೆರಳನ್ನು ಮಡಚಿ ತೋರಿಸಿ ನಗುತ್ತಿದ್ದ. ನಿಮ್ಮ ಸುದ್ದಿ ಕೇಳಿದರೆ ನಗು ನಿಲ್ಲಿಸಿದ. "ಅಕ್ಕಾ, ಇಬ್ಬರು ಹೆಗಲು ಕೊಟ್ಟು ಹೊರಗ ತಂದೀವಿ" ಎಂದ. ಅವನು ಇನ್ನೂ ಒಂದು ಸುದ್ದಿ ಹೇಳಿದ. ಅದನ್ನು ನಾನು ಬರೆಯುವುದಿಲ್ಲ. ನೀವೇ ಬರೆಯುತ್ತೀರೋ ಇಲ್ಲವೋ ನೋಡೋಣ.

ಅಪ್ಪ ನಾಳೆ ಹೊರಡುತ್ತಾರೆ. ಬಿದಿರಿನ ದಬ್ಬೆ ಸೀಳಿ, ನುಣ್ಣಗೆ ಕೆತ್ತಿ ಚೀಲಕ್ಕೆ ಹಾಕಿಕೊಂಡಿದ್ದಾರೆ.

ಕಾಶಿಬಾಯಿ

ನೆಲೋಗಿ
೫ ಡಿಸೆಂಬರ್ ೧೯೪೭

ಕಾಶಿಬಾಯಿಗೆ ಆಶೀರ್ವಾದ.

ಮಾವ ಬಂದು ಕಾಲು ಕಟ್ಟಿ ಹೋದರು. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಮೊಣಕಾಲಿನ ಸುತ್ತ ತಡವಿದರು. ಆಮೇಲೆ "ಚಿಪ್ಪು ಸೀಳ್ಯಾದ ಶಿವರಾಯ. ಕೂಡ್ತದ. ಆದ್ರ ಅಲಗಾಡಸಬ್ಯಾಡ" ಎಂದರು. ತತ್ತಿಯ ಬಿಳಿ, ಉದ್ದಿನ ಹಿಟ್ಟು, ಅವರ ಆ ಕರಿ ಪುಡಿ ಎಲ್ಲ ಕಲಸಿ ಬಳಿದು, ಅರಿವೆ ಸುತ್ತಿ, ದಬ್ಬೆ ಕೂಡಿಸಿ, ತೊಡೆಯಿಂದ ಮೀನಖಂಡದವರೆಗೆ ಕಟ್ಟಿದರು. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಣ್ಣ ಧರ್ಮಣ್ಣ ಹೆಗಲು ಅದುಮಿ ಹಿಡಿದಿದ್ದ.

ಯಾವಾಗ ಬಿಚ್ಚಬೇಕು ಎಂದು ಅಣ್ಣ ಕೇಳಿದ. "ಎಳ್ಳಮಾಸಿ ಮರುದಿನ. ನಾ ಕಟ್ಟೇನಿ, ನಾನೇ ಬಂದು ಬಿಚ್ತೇನಿ. ಬ್ಯಾರೆದವ್ರ ಕೈ ಬಿತ್ತಂದ್ರ ಮತ್ತ ಈ ಕಾಲು ನಮ್ಮ ಮನೆತನದವ್ರು ಮುಟ್ಟಂಗಿಲ್ಲ" ಎಂದರು ಮಾವ. ಇದು ನಿಮ್ಮ ಮನೆಯ ಹಳೆಯ ರೀತಿ, ನನಗೆ ಗೊತ್ತಿರುವುದೇ. ಹಿಮ್ಮಡಿಯ ಪಟ್ಟಿಯನ್ನೂ ಅವರೇ ಬಂದು ಬಿಚ್ಚಿದ್ದರು.

ಲಾಡ್ಲೆಸಾಬ ಹೇಳಿದ ಸುದ್ದಿ ಕಲ್ಕತ್ತೆಯದೇ ಇರಬೇಕು. ಅಲ್ಲಿಯ ಒಂದು ದೊಡ್ಡ ಕ್ಲಬ್ಬಿನವರು ನನ್ನ ಆಟ ನೋಡಿ, ಯುಗಾದಿಯ ಹೊತ್ತಿಗೆ ಬಂದು ಆಡಿ ತೋರಿಸು ಎಂದಿದ್ದಾರೆ. ಅಲ್ಲಿ ಆಡಿದವನ ಹೆಸರು ದೇಶಕ್ಕೆಲ್ಲ ತಿಳಿಯುತ್ತದೆ. ಗಟ್ಟಿಯಾದ ಮೇಲೆ ಹೇಳೋಣವೆಂದು ಸುಮ್ಮನಿದ್ದೆ. ಇಪ್ಪತ್ತೇಳು ನಡೆಯುತ್ತಿದೆ ನನಗೆ. ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಮಾವನಿಗೂ ಹೇಳಿದೆ. ಅವರು ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದರು.

ಶಿವರಾಯ

ಭೂಸನೂರ
೨೬ ಡಿಸೆಂಬರ್ ೧೯೪೭

ಯಜಮಾನರಿಗೆ ನಮಸ್ಕಾರ.

ಕಲ್ಕತ್ತೆಯ ವಿಷಯ ಬರೆದಿರಿ, ಸಂತೋಷ. ಕೇಳಿದ ಮೇಲೆ ಬರೆದಿರಿ ಎಂಬುದನ್ನೂ ನಾನು ನೆನಪಿಟ್ಟುಕೊಂಡಿದ್ದೇನೆ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಹೋಗುವುದಕ್ಕೆ ಸಿಟ್ಟಲ್ಲ. ಮಾಘ ಮಾಸದಲ್ಲಿ ಹೆರುವವಳಿಗೆ ಹೇಳದೆ ಗೋಲ್‌ಕೀಪರನಿಗೆ ಹೇಳಿದ್ದಕ್ಕೆ ಸಿಟ್ಟು. ಹೈದರಾಬಾದಿಗೇ ನನ್ನನ್ನು ಕರೆದುಕೊಂಡು ಹೋಗದವರು ಕಲ್ಕತ್ತೆಗೆ ಕರೆದೊಯ್ಯುತ್ತೀರಾ? ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು.

ಅಪ್ಪ ನೆಲೋಗಿಯಿಂದ ಬಂದವರು ನಾಲ್ಕು ದಿನ ಇದ್ದರು. ನಿಮ್ಮ ಕಾಲಿನ ಬಗ್ಗೆ ಕೇಳಿದರೆ "ಹುಡುಗ ಗಟ್ಟಿ ಇದ್ದಾನ" ಎಂದಷ್ಟೇ ಹೇಳಿದರು. ಮತ್ತೆ ಹೊರಟಿದ್ದಾರೆ. ಕುರಿ ಹಿಂಡಿನ ಜೊತೆ ಅಫಜಲಪುರದ ಕಡೆ ಮೇವಿಗೆ ಹೋಗಿದ್ದಾರೆ ಎಂದು ತಿಳಿಯಿರಿ. ಎಳ್ಳಮಾವಾಸ್ಯೆಗೆ ಅಲ್ಲಿಂದಲೇ ನಿಮ್ಮಲ್ಲಿಗೆ ಬರುತ್ತಾರೆ. ಕಟ್ಟಿದ್ದನ್ನು ಬಿಚ್ಚುವ ದಿನವನ್ನು ಅವರು ಇದುವರೆಗೆ ಮರೆತಿಲ್ಲ.

ನಾನು ಚೆನ್ನಾಗಿದ್ದೇನೆ. ಕೂಸು ಒದೆಯುತ್ತದೆ, ಎಡಗಾಲಿನಿಂದಲೇ ಇರಬೇಕು.

ಕಾಶಿಬಾಯಿ

ನೆಲೋಗಿ
೧೭ ಜನವರಿ ೧೯೪೮

ಕಾಶಿಬಾಯಿಗೆ,

ಎಳ್ಳಮಾವಾಸ್ಯೆ ಹೋಯಿತು, ಸಂಕ್ರಾಂತಿಯೂ ಹೋಯಿತು. ಮಾವ ಬಂದಿಲ್ಲ. ಎಲ್ಲರೂ ಹೊಲಕ್ಕೆ ಭೂತಾಯಿಗೆ ಚರಗ ಚೆಲ್ಲಲು ಹೋದಾಗ ನಾನು ಮಂಚದ ಮೇಲೆ ಕಾಲು ನೋಡುತ್ತ ಕೂತಿದ್ದೆ. ಅತ್ತಿಗೆ ಸಜ್ಜೆ ರೊಟ್ಟಿ, ಭಜ್ಜಿ ಅಲ್ಲಿಗೇ ತಂದುಕೊಟ್ಟಳು. ಪಟ್ಟಿಯೊಳಗೆ ತೊಡೆ ಸಣ್ಣಗಾಗಿದೆ, ದಬ್ಬೆ ಸಡಿಲಾಗಿ ಆಡುತ್ತಿದೆ. ತುರಿಕೆಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಒಂದು ಕೇಳುತ್ತೇನೆ, ನೆಟ್ಟಗೆ ಉತ್ತರ ಕೊಡು. ಮಾವ ಹಿಂಡಿನ ಜೊತೆ ಹೋಗಿದ್ದಾರೆ ಎಂದು ಬರೆದೆಯಲ್ಲ? ನಮ್ಮೂರ ಗುರಮ್ಮ ಆಳಂದದ ಮಗಳ ಮನೆಗೆ ಹೋಗಿ ಬಂದಳು. ದಾರಿಯಲ್ಲಿ ಭೂಸನೂರಿನಲ್ಲಿ ಇಳಿದಿದ್ದಳಂತೆ. ನಿಮ್ಮ ಹಿಂಡು ನಿಮ್ಮ ಹೊಲದಲ್ಲೇ ತಡಿಕೆಯೊಳಗೆ ಇತ್ತು ಎಂದಳು. ನಾನೂ ಕುರಿ ಕಾದವನ ಮಗ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬುವ ಈ ದಿನಗಳಲ್ಲಿ ಯಾರೂ ಅಫಜಲಪುರಕ್ಕೆ ಮೇವು ಹುಡುಕಿಕೊಂಡು ಹೋಗುವುದಿಲ್ಲ. ಕುರಿ ಮನೆಯಲ್ಲಿದ್ದರೆ ಕುರುಬನೂ ಮನೆಯಲ್ಲೇ ಇದ್ದಾನೆ. ಹಾಗಾದರೆ ಏಕೆ ಬರಲಿಲ್ಲ?

ಊರಿನಲ್ಲಿ ಬೇರೆ ಸುದ್ದಿ ಏನೂ ಇಲ್ಲ. ಎಲ್ಲರಿಗೂ ಎಲ್ಲರ ಮೇಲೆ ಅನುಮಾನ. ಹೊಸ ಮುಖ ಕಂಡರೆ ಇವನು ನಿಜಾಮನ ರಜಾಕಾರರ ಕಡೆಯವನೋ, ಅವರ ಮೇಲೆ ಬೀಳುವ ಗಡಿಯಾಚೆಯ ಕ್ಯಾಂಪಿನವನೋ ಎಂದು ಕಟ್ಟೆಯ ಮೇಲೆ ಮಾತು. ಅಮಾವಾಸ್ಯೆಯ ಹಿಂದಿನ ದಿನ ಸಿಂದಗಿ ಕಡೆಯಿಂದ ನಮ್ಮೂರಿಗೆ ಬರುವ ದಾರಿಯ ಪೊಲೀಸ್ ನಾಕಾದಲ್ಲಿ ಗಲಾಟೆಯಾಯಿತಂತೆ. ಧರ್ಮಣ್ಣ ಸಂತೆಯಲ್ಲಿ ಕೇಳಿ ಬಂದ. "ಒಬ್ಬ ಮುದುಕನ್ನ ಹಿಡದಾರ. ಚೀಲದಾಗ ಬಿದಿರು, ಕರಿ ಪುಡಿ ಸಿಕ್ಕಾವಂತ. ಬಾಣ ಮಾಡಾಕ, ಮದ್ದು ತುಂಬಾಕ ಅಂತ ಅಂತಾರ. ಕ್ಯಾಂಪಿನವನ ಇರಬೇಕು" ಎಂದ. ನರೆತ ವಯಸ್ಸಿನಲ್ಲಿ ಅವನಿಗೇಕೆ ಬೇಕಿತ್ತೋ.

ಮಾವನಿಗೆ ಹೇಳು, ಯುಗಾದಿ ದೂರವಿಲ್ಲ.

ಶಿವರಾಯ

ಭೂಸನೂರ
೨೫ ಜನವರಿ ೧೯೪೮

ಯಜಮಾನರಿಗೆ ನಮಸ್ಕಾರ.

ಅಪ್ಪ ಮನೆಯಲ್ಲಿ ಇಲ್ಲ. ಇಷ್ಟನ್ನು ನಂಬಿ. ಇದಕ್ಕಿಂತ ಹೆಚ್ಚು ಬರೆಯಲಾರೆ, ಬರೆಯದಿದ್ದಕ್ಕೆ ಬೇರೆ ಅರ್ಥ ಕಟ್ಟಬೇಡಿ.

ಧರ್ಮಣ್ಣ ಭಾವನವರನ್ನು ಒಂದು ಮಾತು ಕೇಳಿ ಬರೆಯಿರಿ. ನಾಕಾದಲ್ಲಿ ಹಿಡಿದ ಆ ಮುದುಕ ಹೊದ್ದಿದ್ದು ಎಂಥ ಕಂಬಳಿ? ಅದರ ಅಂಚಿಗೆ ಬಣ್ಣದ ದಾರ ಏನಾದರೂ ಹೊಲಿದಿತ್ತೇ? ಅವನನ್ನು ಎಲ್ಲಿಗೆ ಒಯ್ದರು? ಸುಮ್ಮನೆ ಕೇಳುತ್ತಿದ್ದೇನೆ. ಬೇಗ ಬರೆಯಿರಿ.

ಲಾಡ್ಲೆಸಾಬ ನಿಮ್ಮಲ್ಲಿಗೆ ಬರುತ್ತಾನೆ. ಪತ್ರದಲ್ಲಿ ಬಾರದ್ದನ್ನು ಅವನ ಬಾಯಲ್ಲಿ ಕಳಿಸಿದ್ದೇನೆ. ಕೂಡಿಸಿಕೊಂಡು ಕೇಳಿ. ಅಲ್ಲಿಯವರೆಗೆ ಪಟ್ಟಿಗೆ ಕೈ ಹಚ್ಚಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಕಾಶಿಬಾಯಿ

ನೆಲೋಗಿ
೨೦ ಫೆಬ್ರವರಿ ೧೯೪೮

ಕಾಶಿಬಾಯಿಗೆ,

ನನ್ನ ಕಾಲು ಕೊಳೆಯುತ್ತಿರುವಾಗ ನಿನಗೆ ಯಾವನೋ ಮುದುಕನ ಕಂಬಳಿಯ ಚಿಂತೆ. ಕೇಳಿದೆಯಲ್ಲ, ಹೇಳುತ್ತೇನೆ. ಕರಿ ಕಂಬಳಿ, ಅಂಚಿಗೆ ಹಸಿರು ದಾರ. ನೋಡಿದವನೊಬ್ಬ ಅಣ್ಣನಿಗೆ ಹೇಳಿದ್ದಾನೆ. ಕಲಬುರ್ಗಿಯ ಕಡೆ ಒಯ್ದರಂತೆ. ಈಗ ನಾನು ಕೇಳಲಿ: ಕ್ಯಾಂಪಿನವರ ಸುದ್ದಿ ನಿನಗೇಕೆ ಬೇಕು? ನಿಮ್ಮ ಮನೆಗೆ ಯಾರು ಯಾರು ಬಂದು ಹೋಗುತ್ತಿದ್ದಾರೆ?

ಲಾಡ್ಲೆಸಾಬ ಬಂದಿದ್ದ. ಧರ್ಮಣ್ಣ ಅವನನ್ನು ಒಳಗೆ ಬಿಡಲಿಲ್ಲ. ನಿಂತು ಎರಡು ಸಲ ನನ್ನ ಹೆಸರು ಕರೆದ. ನಾನು ಒಳಗೆ ಮಲಗಿದ್ದೆ, ಓಗೊಡಲಿಲ್ಲ. "ಈಗಿನ ದಿವಸದಾಗ ಹೈದರಾಬಾದದಿಂದ ಬಂದವ್ರನ್ನ ನಂಬಾಕ ಆಗಂಗಿಲ್ಲ" ಎಂದ ಅಣ್ಣ. ನನಗೂ ಹಾಗೇ ಅನಿಸಿತು. ನನ್ನ ಕಾಲಿನ ಸ್ಥಿತಿ ನೋಡಿ ಬರಲು ಗಿರಣಿಯವರೇ ಕಳಿಸಿರಬಹುದು, ನನ್ನ ಜಾಗಕ್ಕೆ ಇನ್ನೊಬ್ಬನನ್ನು ತರಲು.

ಇನ್ನು ಮುಖ್ಯ ಮಾತು. ಕಲ್ಕತ್ತೆಯ ಹೆಸರು ಎತ್ತಿದಾಗ ಮಾವ ಗಂಟು ಬಿಗಿ ಮಾಡಿದ್ದು ಏಕೆಂದು ಈಗ ತಿಳಿಯುತ್ತದೆ. ಮಗಳು ಇಲ್ಲೇ ಇರಬೇಕು, ಅಳಿಯ ಕೋಲು ಹಿಡಿದು ಕುರಿ ಹಿಂದೆ ತಿರುಗಬೇಕು. ಅದಕ್ಕೆ ಬಿಚ್ಚುವ ದಿನ ಬರದೆ ಕೂತರು. ಕೀಲು ತಾನೇ ಬಿಗಿಯಲಿ ಎಂದು ಕಾದರು. ನೀನೂ ಗೊತ್ತಿದ್ದೇ ಸುಮ್ಮನಿದ್ದೆ.

ನಿನ್ನೆ ಕುಡಗೋಲಿನಿಂದ ಪಟ್ಟಿ ನಾನೇ ಕೊಯ್ದು ಹಾಕಿದೆ. ಮೊಣಕಾಲು ಮಡಚುತ್ತಿಲ್ಲ. ಆದರೂ ಹೈದರಾಬಾದಿಗೆ ಹೋಗುತ್ತೇನೆ. ಮಾವನ ಕೈ ಇನ್ನು ನನ್ನ ಕಾಲಿಗೆ ಬೀಳುವುದು ಬೇಡ.

ಶಿವರಾಯ

ಭೂಸನೂರ
೨೮ ಮಾರ್ಚ್ ೧೯೪೮

ಯಜಮಾನರಿಗೆ,

ಹೆಣ್ಣು ಕೂಸು ಹುಟ್ಟಿದೆ. ಶಿವರಾತ್ರಿಗೆ ಮೊದಲೇ ಹುಟ್ಟಿತು. ಭಾವನವರಿಗೆ ಹೇಳಿ ಕಳಿಸಿದ್ದೆ, ನಿಮಗೆ ತಲುಪಿತೋ ಇಲ್ಲವೋ. ನೀವು ನೋಡಲು ಬರಲಿಲ್ಲ. ತೊಟ್ಟಿಲಿಗೆ ಹಾಕಿಲ್ಲ, ಹೆಸರಿಟ್ಟಿಲ್ಲ. ಹೆಸರಿಡುವಾಗ ಅಜ್ಜ ಇರಬೇಕೆಂದು ಅವ್ವ ಹಟ ಹಿಡಿದಿದ್ದಾಳೆ.

ನಿಮ್ಮ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದ್ದು ಸಿಟ್ಟಿನಿಂದ ಎಂದು ನೀವು ತಿಳಿದಿರುತ್ತೀರಿ. ತಿಳಿಯಿರಿ. ನಾನು ಊರಿನಲ್ಲಿ ಇರಲಿಲ್ಲ. ಎಳೆಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಿದ್ದೆ ಎಂದು ಕೇಳಬೇಡಿ.

ಬರೆದದ್ದರಲ್ಲಿ ಒಂದಕ್ಕೆ ಉತ್ತರ ಕೊಡುತ್ತೇನೆ. ನಿಮ್ಮ ಕಾಲು ಕಟ್ಟಿದ ಮೇಲೆ ಅಪ್ಪ ಮನೆಗೆ ಬಂದು ಅವ್ವನಿಗೆ ಹೇಳಿದ್ದು ಇದು: "ಹುಡುಗ ಕಲ್ಕತ್ತಾಕ್ಕ ಹೋಗವನಿದ್ದಾನ. ಗಂಟು ಜಾರಬಾರದಂತ ಇನ್ನಷ್ಟು ಬಿಗಿ ಎಳದೀನಿ." ನೀವು ನಂಬುವುದಿಲ್ಲ. ನಂಬದಿದ್ದರೆ ನನಗೆ ಈಗ ಅದರ ದುಃಖ ಮಾಡಲು ಪುರುಸೊತ್ತಿಲ್ಲ.

ಕಾಶಿಬಾಯಿ

ಹೈದರಾಬಾದು
೧೪ ಜೂನ್ ೧೯೪೮

ಕಾಶಿಬಾಯಿಗೆ,

ಮಗಳು ಹುಟ್ಟಿದ ಸುದ್ದಿ ತಿಳಿದು ಸಂತೋಷವಾಯಿತು. ಸಂತೋಷ ಎಂದು ಬರೆದೆ, ಅದು ಸುಳ್ಳಲ್ಲ. ಬರಲು ಮುಖವಿರಲಿಲ್ಲ.

ಯುಗಾದಿಗೆ ಕಲ್ಕತ್ತೆಗೆ ಹೋಗಲಿಲ್ಲ. ಮೊದಲು ಇಲ್ಲಿ ಮೈದಾನಕ್ಕೆ ಇಳಿದು ನೋಡೋಣವೆಂದು ಇಳಿದೆ. ಬಿಸಿ ಎಣ್ಣೆ ತಿಕ್ಕಿ, ಅರಿವೆ ಬಿಗಿದು, ನಡಿಗೆ ಒಂದು ಮಟ್ಟಕ್ಕೆ ಬಂದಿತ್ತು. ಚೆಂಡು ಎಡಗಡೆ ಬಂತು. ಅದನ್ನು ಕಾಲಲ್ಲಿ ತಡೆದು ಒಳಗೆ ತಿರುಗಬೇಕು, ಹತ್ತು ವರ್ಷದಿಂದ ಮಾಡಿದ್ದು ಅದೊಂದೇ ಕೆಲಸ. ನಾನು ತಿರುಗಿದೆ, ಮೊಣಕಾಲು ತಿರುಗಲಿಲ್ಲ. ಯಾರೂ ಮುಟ್ಟಿರಲಿಲ್ಲ, ಹತ್ತಿರ ಎದುರಾಳಿಯೇ ಇರಲಿಲ್ಲ. ಒಬ್ಬನೇ ಬಿದ್ದೆ. ಜನ ನಕ್ಕರು.

ದವಾಖಾನೆಯ ಡಾಕ್ಟರರು ನೋಡಿ, ಎಲುಬು ಚೆನ್ನಾಗಿ ಕೂಡಿದೆ, ಕಟ್ಟಿದವರ ಕೈ ಒಳ್ಳೆಯದು ಎಂದರು. ಬಿಚ್ಚುವುದು ತಡವಾಗಿ ಕೀಲು ಬಿಗಿದಿದೆಯಂತೆ. ಹದ ತಿಳಿದವರು ದಿನವೂ ತಿಕ್ಕಿ ಮಡಚಿಸಿದರೆ ನಡೆಯಲು, ಕೂರಲು ಬಂದೀತು. ಆಡಲು ಮಾತ್ರ ಸಾಧ್ಯವಿಲ್ಲ ಎಂದರು. ಎಂದೂ ಇಲ್ಲವೇ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು. ನಿನ್ನ ಅಪ್ಪನಿಗೆ ಹೇಳು, ಎಳ್ಳಮಾವಾಸ್ಯೆಗೆ ಬಂದಿದ್ದರೆ ನಾನು ಈಗ ಕಲ್ಕತ್ತೆಯಲ್ಲಿ ಆಡುತ್ತಿದ್ದೆ.

ಗಿರಣಿಯ ಹಾಜರಿಯಲ್ಲಿ ನನ್ನ ಹೆಸರಿಲ್ಲ. ಹೊಸ ಹುಡುಗನೊಬ್ಬ ಎಡ ಅಂಚಿನಲ್ಲಿ ಆಡುತ್ತಾನೆ, ಬೂಟು ಹಾಕಿಕೊಂಡು. ಲಾಡ್ಲೆಸಾಬ ಚಳಿಗಾಲದಲ್ಲಿ ಊರಿಗೆ ಹೋದವನು ಮರಳಿಲ್ಲ, ಅವನ ಗೋಲಿನಲ್ಲೂ ಬೇರೆಯವರು ನಿಂತಿದ್ದಾರೆ. ಯಾರ ಜೊತೆ ಸೇರಿದ್ದಾನೋ ದೇವರೇ ಬಲ್ಲ. ಇಲ್ಲಿ ಕುಂಟುವವನನ್ನು ಕಂಡರೆ ಗಡಿಯಲ್ಲಿ ಗುಂಡು ತಿಂದವನೆಂದು ಪೊಲೀಸರು ನಿಲ್ಲಿಸುತ್ತಾರೆ. ಎರಡು ಸಲ ಧೋತರ ಎತ್ತಿ ಮೊಣಕಾಲು ತೋರಿಸಿದ್ದೇನೆ. ಆಟಗಾರ ಎಂದರೆ ನಗುತ್ತಾರೆ. ನೆಲೋಗಿಗೆ ಮರಳುತ್ತೇನೆ.

ಶಿವರಾಯ

ಭೂಸನೂರ
೧೨ ಅಕ್ಟೋಬರ್ ೧೯೪೮

ಯಜಮಾನರಿಗೆ ಕಾಶಿಬಾಯಿಯ ನಮಸ್ಕಾರ.

ಭಾರತದ ಸೈನ್ಯ ಬಂದು ಈಗ ತಿಂಗಳಾಗುತ್ತ ಬಂತು. ಇನ್ನು ನಮ್ಮ ಲಕೋಟೆ ಬಿಚ್ಚಿ ಓದುವವರು ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ಇದ್ದರೂ ಇರಲಿ. ಅಪ್ಪ ಮನೆಗೆ ಬಂದಿದ್ದಾರೆ. ಈಗ ಬರೆಯುತ್ತೇನೆ.

ಹೋದ ಚಳಿಗಾಲದಲ್ಲಿ ಸೊನ್ನದ ಕಡೆಯಿಂದ ಇಬ್ಬರು ಅಪ್ಪನನ್ನು ಹುಡುಕಿಕೊಂಡು ಬಂದಿದ್ದರು. ನದಿಯಾಚೆಯ ಕ್ಯಾಂಪಿನಲ್ಲಿ ಕೈಕಾಲು ಮುರಿದುಕೊಂಡ ಹುಡುಗರಿದ್ದಾರೆ, ದವಾಖಾನೆಗೆ ಒಯ್ದರೆ ಹಿಡಿಯುತ್ತಾರೆ ಎಂದರು. ಅಪ್ಪ ಯಾವ ಪಕ್ಷವನ್ನೂ ಕೇಳಲಿಲ್ಲ, ಎಲುಬು ಯಾವುದು ಎಂದು ಕೇಳಿದರು. ಸೊನ್ನದ ಹತ್ತಿರ ಹರಿಗೋಲಿನಲ್ಲಿ ಭೀಮೆ ದಾಟಿ ಹೋದರು. ಇದನ್ನು ನಾನು ಟಪಾಲಿಗೆ ಹಾಕಬಹುದಿತ್ತೇ? ಅದಕ್ಕೇ ಹಿಂಡಿನ ಸುಳ್ಳು ಹೇಳಿದೆ. ಕುರುಬನ ಮಗನಿಗೆ ಕುರಿಯ ಸುಳ್ಳು ಹೇಳಿದ್ದು ನನ್ನ ದಡ್ಡತನ.

ನಾಕಾದಲ್ಲಿ ಹಿಡಿದ ಮುದುಕ ಅಪ್ಪನೇ. ಆ ಬಿದಿರು ಕಾಲಿಗೆ ಕಟ್ಟುವ ದಬ್ಬೆ, ಆ ಕರಿ ಪುಡಿ ನಿಮ್ಮ ಮೊಣಕಾಲಿಗೆ ಬಳಿದ ಪುಡಿಯೇ. ನೀವೇ ಎಲ್ಲ ಬರೆದಿರಿ, ನಿಮಗೇ ತಿಳಿಯಲಿಲ್ಲ. ಹಸಿರು ದಾರ ದೀಪಾವಳಿಗೆ ನಾನು ಹೊಲಿದದ್ದು. ಆ ಕಂಬಳಿ ಹಾಸಿಯೇ ನಿಮ್ಮ ಕಾಲು ಕಟ್ಟಿದರಂತೆ. ನೋವಿನಲ್ಲಿ ನೀವು ನೋಡಿರಲಿಕ್ಕಿಲ್ಲ.

ಈಗ ಒಂದು ಯೋಚಿಸಿ. ಮನೆಗೆ ಬರುವವರಾಗಿದ್ದರೆ ಅಪ್ಪ ಸೊನ್ನದ ಹತ್ತಿರ ಮತ್ತೆ ನದಿ ದಾಟುತ್ತಿದ್ದರು. ಅಲ್ಲಿ ನಾಕಾ ಇಲ್ಲ, ಅಂಬಿಗರು ಗುರುತಿನವರು. ಅವರು ಸಿಕ್ಕಿಬಿದ್ದದ್ದು ನೆಲೋಗಿಯ ದಾರಿಯಲ್ಲಿ, ಅಮಾವಾಸ್ಯೆಯ ಹಿಂದಿನ ದಿನ. ಕ್ಯಾಂಪಿನ ಹುಡುಗರು "ಆ ದಾರಿ ಬ್ಯಾಡ್ರಿ ಅಜ್ಜಾರ" ಎಂದರಂತೆ. "ಗಂಟು ಬಿಚ್ಚುದು ಅದ" ಎಂದು ಹೊರಟರಂತೆ.

ಕಲಬುರ್ಗಿಯಲ್ಲಿ ಹುಡುಕಿ ಹುಡುಕಿ ಅವರನ್ನು ಇಟ್ಟ ಜಾಗ ಪತ್ತೆ ಮಾಡಿದವನು ಲಾಡ್ಲೆಸಾಬ. ಅರ್ಜಿಯನ್ನು ಉರ್ದುವಿನಲ್ಲಿ ಬರೆದು, ಕಚೇರಿಯಿಂದ ಕಚೇರಿಗೆ ನನ್ನ ಜೊತೆ ಅಲೆದ. ಅದಕ್ಕಾಗಿ ಗಿರಣಿ ಬಿಟ್ಟ, ಆಟ ಬಿಟ್ಟ. ನೆಲೋಗಿಯ ಬಾಗಿಲಲ್ಲಿ ಏನಾಯಿತೆಂದು ನನಗೆ ಅವನು ಹೇಳಲಿಲ್ಲ, ನಿಮ್ಮ ಪತ್ರದಿಂದಲೇ ತಿಳಿದದ್ದು. ಸೈನ್ಯ ಬಂದ ಮೇಲೆ, ರಜಾಕಾರರ ಮೇಲಿನ ಸೇಡು ತಮ್ಮ ಮೇಲೆ ತೀರಿಸುತ್ತಾರೆಂದು ಅವನ ಓಣಿಯವರಿಗೆ ಭಯ ಹುಟ್ಟಿತು. ಅವನ ತಾಯಿ ಸುಲ್ತಾನಬಿಯವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು, ಇನ್ನೂ ಇಲ್ಲೇ ಇದ್ದಾರೆ. ಅವನು ಹೈದರಾಬಾದು ಮುಟ್ಟಿ ಜೀವಂತ ಇದ್ದಾನೆಂದು ಮೊನ್ನೆ ಸುದ್ದಿ ಬಂತು, ಆಮೇಲೆಯೇ ಅವರು ಅನ್ನ ಉಂಡದ್ದು.

ಸೆರೆಯಿಂದ ಬಿಟ್ಟು ಬಂದ ಅಪ್ಪ ಬಹಳ ಸೊರಗಿದ್ದಾರೆ. ಕೈ ಸ್ವಲ್ಪ ನಡುಗುತ್ತದೆ. ಬಂದ ದಿನ ಮೊಮ್ಮಗಳನ್ನು ಎತ್ತಿಕೊಂಡು, ಅದರ ಕಾಲುಗಳನ್ನೆಲ್ಲ ತಡವಿ ನೋಡಿ, ಆಮೇಲೆ ನನ್ನನ್ನು ಕೇಳಿದರು: "ಶಿವರಾಯನ ಕಾಲಿಗಿ ಬ್ಯಾರೆದವ್ರ ಕೈ ಬಿತ್ತೇನ ಬೇ? ಬಿದ್ದಿದ್ರ ನಾ ಮುಟ್ಟಂಗಿಲ್ಲ." ನಾನು ಇಲ್ಲ ಎಂದೆ. ನೀವು ಕಟ್ಟಿದ್ದು ಹಾಗೇ ಇದೆ, ಯಾರೂ ಬಿಚ್ಚಿಲ್ಲ ಎಂದೆ. ಇಷ್ಟು ತಿಂಗಳ ಮೇಲೆ ಅದನ್ನು ಯಾರು ನಂಬುತ್ತಾರೆ. ಅಪ್ಪ ನನ್ನ ಮುಖ ನೋಡಿದರು. "ಹಂಗಾದ್ರ ನಾ ಹೋಗಿ ಬಿಚ್ಚಬೇಕು" ಎಂದರು.

ದಸರೆ ಕಳೆದ ಮೇಲೆ ಹೊರಡುತ್ತೇವೆ ಎನ್ನುತ್ತಿದ್ದಾರೆ. ನಾನು ಸುಳ್ಳು ಹೇಳಿಬಿಟ್ಟಿದ್ದೇನೆ. ಬರುವುದು ಬೇಡವಾದರೆ ಈಗಲೇ ಬರೆಯಿರಿ, ಏನಾದರೂ ಹೇಳಿ ನಿಲ್ಲಿಸುತ್ತೇನೆ.

ಕಾಶಿಬಾಯಿ

ನೆಲೋಗಿ
೨೦ ಅಕ್ಟೋಬರ್ ೧೯೪೮

ಕಾಶಿಬಾಯಿಗೆ ಶಿವರಾಯನ ಆಶೀರ್ವಾದ.

ನಿನ್ನ ಪತ್ರ ಬಂತು. ಧರ್ಮಣ್ಣನಿಗೆ ಓದಿ ಹೇಳಿದೆ. ಅವನು ಎದ್ದು ಹೊಲಕ್ಕೆ ಹೋದ, ಊಟದ ಹೊತ್ತಿಗೂ ಬರಲಿಲ್ಲ. ನಾಕಾ ನಮ್ಮ ಊರಿನಿಂದ ಒಂದು ಕೂಗಳತೆ. ಅಂದು ನಾವಿಬ್ಬರಲ್ಲಿ ಒಬ್ಬರು ಹೋಗಿ ನೋಡಿದ್ದರೆ ಆಗುತ್ತಿತ್ತು.

ಲಾಡ್ಲೆಸಾಬನಿಗೆ ಬೇರೆ ಪತ್ರ ಬರೆದಿದ್ದೇನೆ. ಏನು ಬರೆಯಬೇಕೆಂದು ತಿಳಿಯದೆ, "ಬಾಗಿಲಲ್ಲಿ ನೀನು ಕರೆದದ್ದು ನನಗೆ ಕೇಳಿಸಿತ್ತು" ಎಂದು ಬರೆದೆ. ಸುಲ್ತಾನಬಿಯವರಿಗೆ ನನ್ನ ನಮಸ್ಕಾರ ತಿಳಿಸು.

ಆಟ ಮುಗಿಯಿತು. ಆ ದುಃಖ ನನಗಿದೆ, ಇಲ್ಲವೆಂದರೆ ನೀನು ನಗುತ್ತೀ. ಮೊನ್ನೆ ಊರ ಹುಡುಗರು ಅರಿವೆಯ ಚೆಂಡು ಒದೆಯುತ್ತಿದ್ದರು. ಅದು ಉರುಳಿ ನನ್ನ ಎಡಗಾಲಿನ ಹತ್ತಿರ ಬಂದು ನಿಂತಿತು. ಕೋಲಿನಿಂದ ದೂಡಿದೆ. ಆದರೆ ಈ ಏಟು ಯಾರೂ ಬೇಕೆಂದು ಕೊಟ್ಟದ್ದಲ್ಲ. ಇದೊಂದನ್ನು ನಾನು ನನ್ನ ಕೈಯಿಂದ ಬರೆಯಬೇಕಿತ್ತು, ಬರೆದಿದ್ದೇನೆ.

ಕೊಯ್ದು ಎಸೆದ ದಬ್ಬೆಗಳನ್ನು ಅತ್ತಿಗೆ ಒಲೆಗೆ ಹಾಕದೆ ಅಟ್ಟದ ಮೇಲೆ ಇಟ್ಟಿದ್ದಳು. ಇಳಿಸಿಕೊಟ್ಟಳು. ಅರಿವೆ ಮಾತ್ರ ಬೇರೆ, ಹಳೆಯದು ತುಂಡಾಗಿತ್ತು. ಧರ್ಮಣ್ಣ ತತ್ತಿ, ಉದ್ದಿನ ಹಿಟ್ಟು ಕಲಸಿದ. ಕರಿ ಪುಡಿ ನಮ್ಮಲ್ಲಿ ಇಲ್ಲ. ತೊಡೆಯಿಂದ ಮೀನಖಂಡದವರೆಗೆ ಇಬ್ಬರೂ ಸೇರಿ ಕಟ್ಟಿದೆವು. ಮಾವನ ಗಂಟು ನಮಗೆ ಬರಲಿಲ್ಲ. ನಾಲ್ಕು ಸಲ ಹಾಕಿ ಬಿಚ್ಚಿ, ಐದನೆಯದನ್ನು ಹಾಗೇ ಬಿಟ್ಟೆವು. ಅವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಹಿಡಿಯಲಿ. ಕೇಳಿದರೆ ಯಾರೂ ಮುಟ್ಟಿಲ್ಲ ಎಂದು ನಾನೂ ನಿನ್ನ ಮಾತನ್ನೇ ಹೇಳುತ್ತೇನೆ. ನಡುಗುವ ಕೈಯಾದರೂ ಸರಿ, ಅವರೇ ಬಿಚ್ಚಲಿ.

ನಿಲ್ಲಿಸಬೇಡ, ಕರೆದುಕೊಂಡು ಬಾ. ಮಗಳನ್ನೂ ತಾ, ಅಜ್ಜನ ಮುಂದೆ ಇಲ್ಲೇ ಹೆಸರಿಡೋಣ. ಬಂಡಿಯ ಸದ್ದು ಕೇಳಿದರೂ ನಾನು ಎದುರಿಗೆ ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಕಾಲು ಕಟ್ಟಿದೆ.

ಶಿವರಾಯ